ದಪ್ಪ ಲೋಹದ ಯಂತ್ರ ಕೊಂಡವರಿಗೆ

ಆಸ್ಪತ್ರೆಗೆ ಯಂತ್ರ ಕೊಳ್ಳುವ ಮಾನ್ಯ ಅಧಿಕಾರಿಗಳೇ,

ನನಗೆ ಕ್ಷಯ ಇದೆಯೋ ಇಲ್ಲವೋ ಎಂದು ಹೇಳಲು ನಿಮ್ಮ ಯಂತ್ರಕ್ಕೆ ಇನ್ನೂ ಪುರಸೊತ್ತಾಗಿಲ್ಲ. ಅಲ್ಲಿಯವರೆಗೆ ಪುಣೆಯ ಈ ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ನಾನು ಮತ್ತು ನನ್ನ ಕೆಮ್ಮು. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಓಡುತ್ತಾರೆ. ಮನುಷ್ಯರ ಮುಖದಲ್ಲಿ ಕಣ್ಣು ಬಿಟ್ಟು ಬೇರೇನನ್ನೂ ಕಾಣದೆ ಬಹಳ ದಿನವಾಯಿತು.

ನಾನು ಕಲಿತದ್ದು ಹಳ್ಳಿ ಶಾಲೆಯ ನಾಲ್ಕನೇ ಇಯತ್ತೆ. ಆದರೂ ಪ್ರಯೋಗಾಲಯದಲ್ಲಿ ಕೆಲಸ ಮಾಡುವ, ನಮ್ಮ ಕಡೆ ಮಾತು ಬಲ್ಲ ಹುಡುಗಿ ಸ್ನೇಹಲ್‌ಳನ್ನು ಗಾಜಿನಾಚೆ ನಿಲ್ಲಿಸಿ ಕೇಳಿದೆ: "ಯವ್ವಾ, ನನ್ನ ಕಫ ಎಲ್ಲಿ ಕುಂತದ?"

"ಪಾಳ್ಯಾಗ ಅದರೀ ಆಜಿ. ಮಶೀನು ಬಿಸಿ ಆಗೂದೂ ತಡಾ, ಆರೂದೂ ತಡಾ."

"ನಮ್ಮತ್ತಿ ಸಿಟ್ಟಿನಂಗ ಆತಲ್ಲ!"

ನಕ್ಕಳು. ಆಮೇಲೆ ಬಿಡಿಸಿ ಹೇಳಿದಳು. ರೋಗಾಣುವಿನ ಡಿಎನ್‌ಎ ಗುರುತು ಸಿಗುವಷ್ಟು ಹೆಚ್ಚಬೇಕಾದರೆ ಅದನ್ನು ಮೇಲಿಂದ ಮೇಲೆ ಬಿಸಿ ಮಾಡಿ ತಣಿಸಬೇಕಂತೆ. ಕೊಳವೆಗಳನ್ನು ಹಿಡಿದಿರುವ ಲೋಹದ ಅಚ್ಚು ತೆಳುವಾಗಿದ್ದು, ಕೊಳವೆ ಅದಕ್ಕೆ ಮೈಗೆ ಮೈ ತಾಗಿ ಕೂತರೆ ಶಾಖ ಬೇಗ ಏರಿ ಬೇಗ ಇಳಿಯುತ್ತದೆ. ನಿಮ್ಮದು ದಪ್ಪ, ಕೊಳವೆಯ ಸುತ್ತ ಗಾಳಿಯ ಸಂದು ಬೇರೆ. ಹಾಗಾಗಿ ದಿನಕ್ಕೆ ಮುಗಿಯುವ ಪರೀಕ್ಷೆ ಕಡಿಮೆ, ಕಾಯುವವರ ಸಾಲು ಮಾತ್ರ ಉದ್ದ.

ಅದನ್ನೇ ಏಕೆ ಆರಿಸಿದಿರಿ? ನಿಮ್ಮ ಸಮಿತಿಯವರು ಎತ್ತಿ ನೋಡಿ, "ಭಾಳ ವಜನದಾರ ಅದ, ಇದನ್ನ ತಗೋರಿ" ಅಂದರಂತೆ. ಮಗಳ ಮದುವೆಗೆ ಹಂಡೆ ಕೊಳ್ಳಲು ಹೋಗಿದ್ದಿರಾ ಸ್ವಾಮಿ? ರೊಟ್ಟಿಯ ಹಂಚು ದಪ್ಪ ಇರಬೇಕು, ಒಪ್ಪುತ್ತೇನೆ; ಅದರ ಶಾಖ ಒಂದೇ ಸಮ ನಿಲ್ಲಬೇಕು. ಗಳಿಗೆಗೊಮ್ಮೆ ಕಾದು ಆರಬೇಕಾದದ್ದಕ್ಕೂ ಅದೇ ತೂಕದ ಲೆಕ್ಕವೇ?

ಇದೇ ಊರಿನ ಖಡಕಿಯ ಮನೆಯಲ್ಲಿ ನನ್ನ ಯಜಮಾನರಿದ್ದಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ಸೊಸೆ ತುತ್ತು ಕೊಟ್ಟರೆ ಮುಖ ತಿರುಗಿಸುತ್ತಾರೆ. ಫೋನಿನಲ್ಲಿ ದಿನಾ ಒಂದೇ ಪ್ರಶ್ನೆ: "ಹೊಂಟೀ ಏನ?"

"ಹೊಂಟೇನಿ, ನೀವು ಉಣ್ರಿ" ಎಂದು ಸುಳ್ಳು ಹೇಳುತ್ತೇನೆ. ನಿನ್ನೆ ಅವರು ಕೇಳಲೇ ಇಲ್ಲ. ಫೋನನ್ನು ಸೊಸೆಯ ಕೈಗೆ ಕೊಟ್ಟುಬಿಟ್ಟರು.

ಹೊಸ ಯಂತ್ರ ನಿಮ್ಮ ಕಡತ ದಾಟಿ ಬರುವುದು ಯಾವ ಕಾಲಕ್ಕೋ. ಬರುವಾಗ ಬರಲಿ. ನನ್ನ ಕಫವನ್ನು ಇವತ್ತೇ ಬೇರೆ ಪ್ರಯೋಗಾಲಯಕ್ಕೆ ಕಳಿಸಿ. ರೋಗ ಇದ್ದರೆ ಇದೆ ಎನ್ನಿ. ಗುಳಿಗೆ ನುಂಗುತ್ತೇನೆ, ಇನ್ನಷ್ಟು ದಿನ ದೂರವೂ ಇರುತ್ತೇನೆ. ಅವರಿಗೆ ಹೇಳಲು ನನಗೊಂದು ನಿಜ ಬೇಕು.

ಇಂತಿ,
ಇತ್ತ ರೋಗಿಯೂ ಆಗದ, ಅತ್ತ ಮನೆಯವಳೂ ಆಗದ
ಭೀಮವ್ವ