ಎರಡನೆಯ ತಿರುವು

14 ಮೇ 1986, ಬುಧವಾರ

ಸೀರೆಯ ಅಂಚು ಬರೆಯುವ ಗ್ರಾಫ್ ಕಾಗದದಲ್ಲೇ ನೀರಿನ ಜಾರುಬಂಡೆಯನ್ನೂ ಬರೆದುಕೊಟ್ಟಿದ್ದೆ. ಅಂಚಿನ ಬಳ್ಳಿಯಂತೆ, ಬಲಕ್ಕೆ ಹೊರಳುವ ಮೊದಲ ತಿರುವನ್ನೇ ಎರಡನೆಯದಕ್ಕೂ ನಕಲು ಮಾಡಿ, ಎಡಗೋಡೆಯನ್ನೇ ಎತ್ತರಿಸಿದ್ದೆ. ಆದರೆ ಎರಡನೆಯದು ಎಡಕ್ಕೆ ತಿರುಗುತ್ತದೆ; ಅಲ್ಲಿ ಎತ್ತರ ಬೇಕಾದದ್ದು ಬಲಗೋಡೆಗೆ. ಇಂದು ತಗಡಿನ ಮಾದರಿಯಲ್ಲಿ ನೀರು ಬಿಟ್ಟು ಗೋಲಿ ಜಾರಿಸಿದೆ. ಮೂರು ಸಲವೂ ಅದು ಅಲ್ಲೇ ಬಲಕ್ಕೆ, ಹೊರಗೆ ಹಾರಿತು.

ವೆಳ್ಳಕೋಯಿಲ್‌ನ ತೋಟದಲ್ಲಿ ಬಾಮೈದ ಮಯಿಲ್‌ಸಾಮಿ ಅದೇ ನಕ್ಷೆಯಂತೆ ಜಾರುಬಂಡೆಯನ್ನು ಬಾವಿಗೆ ಇಳಿಯುವಂತೆ ಕಟ್ಟಿ ಮುಗಿಸಿದ್ದಾನೆ. ನಾಳೆ ಬೆಳಕು ಹರಿಯುತ್ತಲೇ ನೀರು ಬಿಡುತ್ತಾನೆ. ಆ ತಿರುವಿನ ಬಲಗಡೆ ಬರೀ ಕಲ್ಲು. ಅಲ್ಲಿ ಫೋನಿಲ್ಲ.

ಮಗಳು ರಾಜಾಮಣಿ ಮೊನ್ನೆಯೇ ಅಲ್ಲಿಗೆ ಹೋದಳು. “ಅಪ್ಪಾ, ನಾನೇ ಮೊದ್ಲು ಜಾರ್ತೀನಿ, ಬೇರೆ ಯಾರೂ ಜಾರಕೂಡ್ದು!” ಎಂದಿದ್ದಳು. ನಾನು ನಕ್ಕು ತಲೆಯಾಡಿಸಿದ್ದೆ.

ಇಲ್ಲಿಂದ ಮೊದಲ ಬಸ್ಸು ಬೆಳಿಗ್ಗೆ ಐದಕ್ಕೆ. ಅದು ಅಲ್ಲಿಗೆ ತಲುಪುವಾಗ ಬಿಸಿಲೇರಿರುತ್ತದೆ. ಅವಳು ಬೆಳಕಿಗೂ ಮೊದಲೇ ಏಳುವ ಹುಡುಗಿ.