ಸ್ವಂತ ಬುದ್ಧಿಯ ಮೋಡೆಮ್

ಮಹಡಿ ಕೋಣೆ,
ತಾರೀಖು ಹದಿನಾಲ್ಕು, ಗುರುವಾರ

ಪ್ರೀತಿಯ ಮಗಳೇ,

ಹಾಂ, ನಿನ್ನೆಯ ಕಾಗದ ಮೋಡೆಮ್ ಹತ್ತಿರ ಬಂದು ನಿಂತಿತ್ತಲ್ಲ, ಅಲ್ಲಿಂದಲೇ ಮುಂದುವರಿಸುತ್ತೇನೆ. ಅದಕ್ಕೂ ಮುಂಚೆ, ಹೇಗಿದ್ದೀಯ? ಕಟ್ಟುಹಲ್ಲಿಗೆ ಮೇಣ ಕಾಯಿಸುವಾಗ ಸುಟ್ಟುಕೊಂಡ ಬೆರಳು ಮಾಯಿತೇ? ನಾನು ಚೆನ್ನಾಗಿದ್ದೇನೆ. ನಿಮ್ಮ ಲ್ಯಾಬಿನಲ್ಲಿ ನೀನೇ ಮಾಡಿಕೊಟ್ಟ ಹಲ್ಲು ಗಟ್ಟಿಯಾಗಿವೆ, ಅಗಿಯುವವನಿಗೇ ಮನಸ್ಸಿಲ್ಲ.

ನಿನಗೆ ಕಿವಿ ಕೇಳದಿದ್ದರೂ ನಿಮ್ಮಮ್ಮ ನಿನ್ನ ಜೊತೆ ಹರಟದ ಭಾನುವಾರವಿರಲಿಲ್ಲ. ಸಂಜೆ ಐದಕ್ಕೆ ಸರಿಯಾಗಿ ನೀನು ಅಲ್ಲಿ ಟೈಪು ಮಾಡಿದ್ದು ಫೋನ್ ಲೈನಿನಲ್ಲಿ ಹರಿದು ಇಲ್ಲಿ ಪರದೆಯ ಮೇಲೆ ಮೂಡುತ್ತಿತ್ತು. ನಾನು ಕೆಳಗಿನಿಂದಲೇ 'ನಾನೂ ಕೇಳಿದೆ ಅಂತ ಹೇಳು' ಎಂದು ಕೂಗುತ್ತಿದ್ದೆ. ಅಪ್ಪನ ಪಾಲಿನ ಮಾತು ಅಷ್ಟರಲ್ಲಿ ಮುಗಿಯಿತು. ಅವಳು ತೀರಿಕೊಂಡ ವಾರ ನಾನು ಅವಳ ಮೇಜು ತೆರವು ಮಾಡುತ್ತಾ, ದೀಪ ಮಿನುಗುವ ಆ ಕಪ್ಪು ಪೆಟ್ಟಿಗೆ ಯಾವುದೋ ಹಳೇ ಚಾರ್ಜರ್ ಇರಬೇಕೆಂದು ಗುಜರಿಯವನಿಗೆ ಎತ್ತಿ ಕೊಟ್ಟೆ. ನಿಮ್ಮಿಬ್ಬರ ಮಾತು ಸಾಗಿಸುತ್ತಿದ್ದ ಮೋಡೆಮ್ ಅದೇ ಎಂದು ಆಮೇಲೆ ತಿಳಿಯಿತು. 'ಅಪ್ಪನಿಗೆ ನಾನು ಬೇಡವಂತೆ' ಎಂದು ನೀನು ಚಿಕ್ಕಮ್ಮನಿಗೆ ಬರೆದೆಯಂತೆ. ನಿನ್ನೆಯದಕ್ಕೂ ಮೊದಲು ಬರೆದ ನನ್ನ ಮೂರು ಕಾಗದಕ್ಕೂ ಉತ್ತರವಿಲ್ಲ. ಅದಕ್ಕೇ ಈ ವಯಸ್ಸಿನಲ್ಲಿ ಮೋಡೆಮ್ ಹುಡುಕಲು ಹೊರಟದ್ದು.

ಮೊದಲು ತಂದದ್ದು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರಿಸುವ, ಅಂಗೈಯಗಲದ ಹಸಿರು ಹಲಗೆ. ಹಾಕಿದ್ದೇ ತಡ, ನಿಮ್ಮಮ್ಮನ ಕಂಪ್ಯೂಟರ್ ಏದುಸಿರು ಬಿಟ್ಟು ಕಲ್ಲಿನ ಹಾಗೆ ನಿಂತುಬಿಟ್ಟಿತು. ಹೊತ್ತುಕೊಂಡು ರಿಪೇರಿಯವನ ಹತ್ತಿರ ಹೋದೆ. ಅವನು ಹಲಗೆಯನ್ನು ತಿರುಗಿಸಿ ನೋಡಿ, "ಯಜಮಾನ್ರೇ, ಇದಕ್ಕೆ ಸ್ವಂತ ಬುದ್ಧಿ ಇಲ್ಲ. ತನ್ನ ಕೆಲಸವನ್ನೆಲ್ಲ ಕಂಪ್ಯೂಟರ್ ಕೈಲಿ ಮಾಡಿಸಿ, ಮಾಡಿದೋನು ನಾನು ಅನ್ನುತ್ತೆ. ನಿಮ್ಮದು ಮುದಿ ಕಂಪ್ಯೂಟರ್, ಪಾಪ, ಎಷ್ಟೂಂತ ಹೊರುತ್ತೆ?" ಎಂದ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು 'ಸೆಲ್ಫ್-ಸಫಿಶಿಯೆಂಟ್' ಪದಕ್ಕೆ ವಾಕ್ಯ ಬರೆಯಿರಿ ಎಂದಾಗ 'ಐ ಆಮ್ ಸೆಲ್ಫ್-ಸಫಿಶಿಯೆಂಟ್' ಎಂದು ಬರೆದು ಪೂರ್ತಿ ಅಂಕ ತೆಗೆದುಕೊಂಡವನು ನಾನು. ಈಗ ಕಾಲುಚೀಲ ಯಾವ ಡ್ರಾಯರಿನಲ್ಲಿದೆ ಎಂದು ಗೊತ್ತಿಲ್ಲ.

ನಿಜವಾದ ಮೋಡೆಮ್ ಹೊರಗಿರುತ್ತದಂತೆ. ಅದಕ್ಕೆ ಬೇರೆ ಕರೆಂಟಿನ ವೈರು, ಮುಂದೆ ಸಾಲು ದೀಪ, ಹಿಂದೆ ಎರಡು ತಿರುಪು ಹಾಕಿ ಬಿಗಿಯುವ ದಪ್ಪ ಕೇಬಲ್ಲು. ಲೆಕ್ಕಾಚಾರವೆಲ್ಲ ಅದರೊಳಗೇ ನಡೆಯುತ್ತದೆ, ಕಂಪ್ಯೂಟರ್ ಅಕ್ಷರ ಕೊಟ್ಟರೆ ಸಾಕು. ಅಂಥದ್ದೊಂದನ್ನು ರಿಪೇರಿಯವನೇ ತನ್ನ ಅಟ್ಟದಿಂದ ಇಳಿಸಿಕೊಟ್ಟ. ಕೈಪಿಡಿಯಲ್ಲಿ 'ಹ್ಯಾಂಡ್‌ಶೇಕ್' ಎಂದಿದೆ. ಎರಡು ಮೋಡೆಮ್‌ಗಳು ಮಾತಿಗೆ ಮೊದಲು ಒಂದರ ಮೇಲೊಂದು ಕಿರುಚಾಡುವುದಕ್ಕೆ ಆ ಹೆಸರು. ನಮ್ಮ ಮನೆಯಲ್ಲೂ ಅದೇ ಪದ್ಧತಿಯಿತ್ತು ಎಂದರೆ ನಿಮ್ಮಮ್ಮ ನಗುತ್ತಿದ್ದಳು. ಈಗ ದಿನಾ ಒಂದು ತಾಸು ಅವಳ ಕುರ್ಚಿಯಲ್ಲಿ ಕೂತು, ಒಂದೇ ಬೆರಳಿನಲ್ಲಿ ಟೈಪು ಕಲಿಯುತ್ತಿದ್ದೇನೆ. ನಿನ್ನ ಹೆಸರು ತಪ್ಪಿಲ್ಲದೆ ಬರುತ್ತದೆ. ಮಿಕ್ಕಿದ್ದು...

ಕಿಟಕಿಯ ಬೆಳಕು ಹೋಗುತ್ತಾ ಇದೆ, ಸಾಲು ಕಾಣುತ್ತಿಲ್ಲ. ಇಲ್ಲಿನ ಬಲ್ಬು ಸುಟ್ಟು ತಿಂಗಳಾಯಿತು. ಮೈ ಜೋಪಾನ ಮಗಳೇ, ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ

ಮತ್ತೆ ಬರೆದದ್ದು, ಕೆಳಗಿನ ದೀಪದಲ್ಲಿ: ಇದನ್ನು ಬರೆಯಲು ನಿನ್ನೆಯ ಕಾಗದದಲ್ಲಿ ಧೈರ್ಯ ಬಂದಿರಲಿಲ್ಲ. ಮೊನ್ನೆ ರಿಪೇರಿಯವನು ಪರೀಕ್ಷೆಗೆಂದು ತನ್ನ ಅಂಗಡಿಯ ಮೋಡೆಮ್‌ನಿಂದ ಇಲ್ಲಿಗೆ ಫೋನ್ ಮಾಡಿದ. ಅಭ್ಯಾಸಬಲ, ನಾನು ರಿಸೀವರ್ ಎತ್ತಿದೆ. ಪೀಂ ಎಂದಿತು, ಸುಮ್ಮನಾಯಿತು, ಮತ್ತೆ ಪೀಂ. ಆ ಸದ್ದು ನನಗೆ ಹೊಸದಲ್ಲ. ಅಮ್ಮ ಹೋದ ಮೇಲೆ ಏಳು ಭಾನುವಾರ, ಸಂಜೆ ಐದಕ್ಕೆ, ಇದೇ ಸದ್ದು ಬರುತ್ತಿತ್ತು. ಯಾರೋ ಪೀಡೆ ಎಂದು ಬೈದು, ಏಳು ಸಲವೂ ಕುಕ್ಕಿ ಇಟ್ಟೆ. ಎಂಟನೆಯ ವಾರ ಬರಲಿಲ್ಲ. ಸದ್ಯ, ತೊಲಗಿತು ಎಂದುಕೊಂಡೆ. ಅದೇನು ಸದ್ದು ಎಂದು ಮೊನ್ನೆ ಕೇಳಿದ್ದಕ್ಕೆ ರಿಪೇರಿಯವನು, "ಆ ಕಡೆಯ ಮೋಡೆಮ್ಮು. ಯಾರಾದ್ರೂ ಇದ್ದೀರಾ ಅಂತ ಕರೀತಿರುತ್ತೆ" ಎಂದ. ಇದ್ದೆ ಮಗಳೇ. ಈ ಭಾನುವಾರ ಐದಕ್ಕೆ ಇನ್ನೊಂದೇ ಒಂದು ಸಲ ಕರೆ. ನಾನು ರಿಸೀವರ್ ಮುಟ್ಟುವುದಿಲ್ಲ.