ತಲೆ ಸುತ್ತುವವರಿಗೆ ಪ್ರವೇಶವಿಲ್ಲ

ಮಾನ್ಯ ಆಸ್ಪತ್ರೆಯ ಮುಖ್ಯಸ್ಥರೇ,

ನಿಮ್ಮ ಫಿಸಿಯೋಥೆರಪಿ ಕೊಠಡಿಯ ಬಾಗಿಲಿಗೆ ‘ತಲೆ ಸುತ್ತುವವರಿಗೆ ಪ್ರವೇಶವಿಲ್ಲ’ ಎಂಬ ಫಲಕ ಹಾಕಿಸಿದ್ದೀರಿ. ನನಗೆ ತಲೆ ಸುತ್ತುತ್ತದೆ. ಅದನ್ನು ಸರಿಪಡಿಸಬಲ್ಲವರು ಆ ಬಾಗಿಲ ಒಳಗೇ ಇದ್ದಾರೆ. ಈಗ ನಾನು ಎಲ್ಲಿಗೆ ಹೋಗಲಿ?

ನಾನು ಕ್ಷೌರಿಕ. ಹೋದ ತಿಂಗಳು ನನ್ನ ಅಣ್ಣನಿಗೆ ಗಡ್ಡ ಮಾಡುತ್ತಿದ್ದೆ. ಗದ್ದದ ಕೆಳಗೆ ಕತ್ತಿಯಿಟ್ಟು ತಲೆ ಬಗ್ಗಿಸಿದೆ ಅಷ್ಟೆ, ಕನ್ನಡಿ, ಕುರ್ಚಿ, ಅಣ್ಣನ ಮುಖ ಎಲ್ಲವೂ ಗಿರಗಿರನೆ ತಿರುಗಿದವು. ಕತ್ತಿ ಎಲ್ಲಿದೆ, ಅವನ ಗಂಟಲು ಎಲ್ಲಿದೆ, ಒಂದೂ ತಿಳಿಯಲಿಲ್ಲ. ಕಣ್ಣು ಸರಿಹೋದಾಗ ನೊರೆಯಲ್ಲಿ ಕೆಂಪು ಗೆರೆ ಕಂಡಿತು. ಪುಣ್ಯಕ್ಕೆ ಚರ್ಮ ಮಾತ್ರ ಗೀರಿತ್ತು. ಏನೂ ಆಗಿಲ್ಲ, ಮುಗಿಸು ಎಂದ ಅಣ್ಣ. ನನ್ನ ಕೈ ಏಳಲಿಲ್ಲ. ಅವನು ಅರ್ಧ ಗಡ್ಡದಲ್ಲೇ ಟವೆಲ್ ಸುತ್ತಿಕೊಂಡು ಹೊರಟ, ಬೀದಿಯವರು ನಕ್ಕರು. ನಾನು ಅಂಗಡಿಯ ಬಾಗಿಲೆಳೆದುಕೊಂಡು ಅತ್ತೆ.

ನಿಮ್ಮದೇ ಕಿವಿ ವೈದ್ಯರು ಪರೀಕ್ಷಿಸಿ, ಒಳಗಿವಿಯ ಸಮತೋಲನ ತಪ್ಪಿದೆ, ಮಾತ್ರೆಯೊಂದೇ ಸಾಲದು, ಕಣ್ಣಿಗೂ ಕುತ್ತಿಗೆಗೂ ವ್ಯಾಯಾಮ ಬೇಕು, ಅದನ್ನೇ ವಿಶೇಷವಾಗಿ ಕಲಿತವರು ನಮ್ಮಲ್ಲಿದ್ದಾರೆ ಎಂದು ಕಳಿಸಿದರು. ನಿಮ್ಮ ಬಾಗಿಲ ಕಾವಲುಗಾರ ಮಾತ್ರ ಫಲಕ ತೋರಿಸಿ, ಸುತ್ತುವುದು ನಿಂತ ಮೇಲೆ ಬನ್ನಿ ಎಂದ. ಹಿಂದೊಮ್ಮೆ ಒಳಗೆ ಯಾರೋ ರೋಗಿ ಬಿದ್ದರಂತೆ, ಅಂದಿನಿಂದ ನಿಮ್ಮ ಆದೇಶವಂತೆ. ಎಂಥ ದೂರದೃಷ್ಟಿ! ರಸ್ತೆಯಲ್ಲಿ ಬಿದ್ದರೆ ಅದು ಆಸ್ಪತ್ರೆಯ ಹೊಣೆಯಲ್ಲವಲ್ಲ?

ಜೊತೆಗಿದ್ದ ನನ್ನ ಹೆಂಡತಿ ಸುಮ್ಮನಿರುವವಳಲ್ಲ.

“ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂದ ಹಾಗಾಯ್ತು. ಮೊಣಕಾಲು ನೋವು ಅನ್ನಿ, ನಡೀರಿ.”

ಹಾಗೆಯೇ ಅಂದೆ, ಒಳಗೆ ಬಿಟ್ಟರು. ಒಳಗಿದ್ದ ಫಿಸಿಯೋಥೆರಪಿಸ್ಟ್ ಅಮ್ಮ ನನ್ನ ನಡಿಗೆ ನೋಡಿಯೇ ದನಿ ತಗ್ಗಿಸಿದರು.

“ಇಲ್ಲಿ ಮೊಣಕಾಲು ಅಂತ ಬರೋ ಅರ್ಧ ಜನ ಗೋಡೆ ಹಿಡ್ಕೊಂಡೇ ಬರ್ತಾರೆ. ನನಗೆ ಗೊತ್ತಾಗುತ್ತೆ. ಆದ್ರೆ ತಲೆ ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ.”

ಮೊಣಕಾಲಿಗೆ ವ್ಯಾಯಾಮ ಮಾಡಿಸಿ ಕಳಿಸಿದರು. ಈಗ ನನ್ನ ಮೊಣಕಾಲಿಗೆ ಯಾವ ತೊಂದರೆಯೂ ಇಲ್ಲ. ಮೊದಲೂ ಇರಲಿಲ್ಲ.

ಮಾನ್ಯರೇ, ನನಗೆ ಹೆದರಿಕೆಯಾಗುತ್ತಿದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಹೆದರಿಕೆ, ಮೆಟ್ಟಿಲು ಇಳಿಯಲು ಹೆದರಿಕೆ. ಮೊಮ್ಮಗಳನ್ನು ಯಾರೂ ನನ್ನ ಕೈಗೆ ಕೊಡುವುದಿಲ್ಲ, ನಾನೂ ಕೇಳುವುದಿಲ್ಲ. ಇಷ್ಟು ವರ್ಷ ಅನ್ನ ಹಾಕಿದ ಈ ಕೈಯನ್ನು ಕಂಡರೇ ಭಯ.

ಆದ್ದರಿಂದ ಆ ಫಲಕ ತೆಗೆಸಿ. ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ಕಂಬಿ ಹಾಕಿಸಿ, ಮನೆಯವರೊಬ್ಬರು ಪಕ್ಕದಲ್ಲಿ ನಿಲ್ಲಲಿ. ಆ ಫಿಸಿಯೋಥೆರಪಿಸ್ಟ್ ತಾಯಿಗೆ ಅವರು ಕಲಿತ ಕೆಲಸ ಮಾಡಲು ಅಪ್ಪಣೆ ಕೊಡಿ. ಬಿದ್ದೇವೆಂಬ ಭಯಕ್ಕೆ ನಮ್ಮನ್ನು ಹೊರಗಿಟ್ಟರೆ ನಾವು ಬೀಳುವುದು ತಪ್ಪುತ್ತದೆಯೇ?

ನಿನ್ನೆ ಅಣ್ಣ ಮತ್ತೆ ಬಂದು ಕುರ್ಚಿಯಲ್ಲಿ ಕೂತು ಗದ್ದ ಎತ್ತಿದ. “ಮಾಡೋ, ನನಗೇನೂ ಭಯ ಇಲ್ಲ,” ಅಂದ. ಕತ್ತಿ ಮಸೆಯಲು ಕೊಟ್ಟಿದ್ದೇನೆಂದು ಸುಳ್ಳು ಹೇಳಿ ಕಳಿಸಿದೆ. ನಾಳೆ ಬರುತ್ತಾನಂತೆ. ಅವನಂತೂ ನನ್ನ ಮಾತು ಕೇಳುವವನಲ್ಲ. ನೀವಾದರೂ ಕೇಳಿ.

ಇಂತಿ,
ಊರವರ ತಲೆಯಿಂದ ಹೊಟ್ಟೆ ಹೊರೆದು, ಈಗ ತನ್ನ ತಲೆಗೇ ಅಂಜುತ್ತಿರುವ
ಒಬ್ಬ ಕ್ಷೌರಿಕ